ದೋಷವನ್ನು ತಿಳಿಸಿದವನ ವಿಳಾಸ

ಲೋಕದಲ್ಲಿ ದೋಷವನ್ನು ಕಾಣುವವರು ಬಹುಮಂದಿ. ಕಂಡುದನ್ನು ಸಂಬಂಧಪಟ್ಟವರಿಗೆ ತಿಳಿಸುವವರು ಕೆಲವರು ಮಾತ್ರ. ಕೆರೆಯ ಏರಿಯಲ್ಲಿ ನೀರು ಜಿನುಗುವುದನ್ನು ದಾರಿಹೋಕರೆಲ್ಲರೂ ನೋಡಿರುತ್ತಾರೆ. ಅವರಲ್ಲಿ ಯಾವನೋ ಒಬ್ಬನು ತನ್ನ ದಾರಿಯನ್ನು ಬಿಟ್ಟು ನೀರಗಂಟಿಯ ಮನೆಯವರೆಗೆ ಹೋಗಿ ಹೇಳಿ ಬರುತ್ತಾನೆ. ಅದಕ್ಕೆ ಅವನಿಗೆ ಕೂಲಿಯಿಲ್ಲ, ಬಿರುದಿಲ್ಲ. ಸ್ವಂತ ಕೆಲಸ ಅರ್ಧ ಗಳಿಗೆ ಕೆಟ್ಟುದೇ ಬಂದ ಲಾಭ. ಆದರೂ ಊರಿನ ಗದ್ದೆಗಳು ಉಳಿಯುವುದು ಅಂಥವನಿಂದ. ಅಂಥವನನ್ನು ಊರು ಹೇಗೆ ನಡೆಸಿಕೊಳ್ಳಬೇಕೆಂಬುದು ಹಳೆಯ ಪ್ರಶ್ನೆ. ಈ ಕಾಲದಲ್ಲಿ ಅದು ಹೊಸ ವೇಷವನ್ನು ಧರಿಸಿ ಗಣಕಯಂತ್ರಗಳ ಲೋಕದಲ್ಲಿ ಕಾಣಿಸಿಕೊಂಡಿದೆ.

ಗಣಕಯಂತ್ರವನ್ನು ನಡೆಸುವ ಆದೇಶಗಳ ಸಮೂಹಕ್ಕೆ ಸಾಫ್ಟ್‌ವೇರ್ ಅಥವಾ ತಂತ್ರಾಂಶವೆಂದು ಹೆಸರು. ಅದರಲ್ಲಿ ಅಡಗಿರುವ ತಪ್ಪಿಗೆ ಬಗ್, ಎಂದರೆ ಹುಳು, ಎಂದು ಹೆಸರು. ಯಂತ್ರದ ದೋಷವನ್ನು ಹುಳುವೆಂದು ಕರೆಯುವ ವಾಡಿಕೆ ಗಣಕಕ್ಕಿಂತಲೂ ಹಳೆಯದು. ಅಮೆರಿಕದ ಎಡಿಸನ್ನನು 1878ರಲ್ಲಿಯೇ ಒಂದು ಕಾಗದದಲ್ಲಿ ಆ ಪದವನ್ನು ಈ ಅರ್ಥದಲ್ಲಿ ಬಳಸಿದ್ದನು. 1947ನೆಯ ಸೆಪ್ಟೆಂಬರ್ 9ರಂದು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನಿರ್ಮಿತವಾದ ಮಾರ್ಕ್ 2 ಎಂಬ ಗಣಕದ ರಿಲೇಯೊಂದರಲ್ಲಿ ನಿಜವಾದ ಪತಂಗವೇ ಸಿಕ್ಕಿಕೊಂಡಿತು. ಅಲ್ಲಿಯವರು ಅದನ್ನು ದಿನಚರಿಯ ಪುಟಕ್ಕೆ ಅಂಟಿಸಿ, ಹುಳು ನಿಜವಾಗಿಯೇ ದೊರೆತ ಮೊದಲನೆಯ ಪ್ರಸಂಗವಿದೆಂದು ವಿನೋದವಾಗಿ ಬರೆದಿಟ್ಟರು. ಆ ಪುಟವು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯವನ್ನು ಸೇರಿದೆ. ಅಂದು ಹುಳುವನ್ನು ಕಂಡವರೂ ತೆಗೆದವರೂ ಒಂದೇ ಕೊಠಡಿಯಲ್ಲಿದ್ದರು. ಇಂದು ಹಾಗಲ್ಲ. ತಂತ್ರಾಂಶವನ್ನು ರಚಿಸುವವನು ಒಂದು ಖಂಡದಲ್ಲಿ, ಬಳಸುವವನು ಮತ್ತೊಂದು ಖಂಡದಲ್ಲಿ. ದೋಷವು ಕಾಣುವುದು ಬಳಸುವವನಿಗೆ. ತಿದ್ದುವ ಶಕ್ತಿಯಿರುವುದು ರಚಿಸಿದವನಿಗೆ. ಇವರಿಬ್ಬರ ನಡುವಣ ಸೇತುವೆಯೆಂದರೆ ದೋಷವನ್ನು ತಿಳಿಸುವ ಪತ್ರ ಮತ್ತು ಅದರೊಡನೆ ಕೊಟ್ಟ ಇ-ಮೇಲ್ ವಿಳಾಸ.

ಕನ್ನಡದಿಂದಲೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ‘ಸೂರ್ಯ’ ಎಂಬಲ್ಲಿ ರಕಾರವು ಅರ್ಕಾವೊತ್ತಾಗಿ ಯಕಾರದ ಪಕ್ಕದಲ್ಲಿ ನಿಲ್ಲುವುದು. ‘ರ‍್ಯಾಂಕ್’ ಎಂಬ ಆಂಗ್ಲಪದವನ್ನು ಬರೆಯುವಲ್ಲಿ ಹಾಗಲ್ಲ. ಅಲ್ಲಿ ರಕಾರವು ಪೂರ್ಣವಾಗಿ ನಿಂತು ಯಕಾರವೇ ಒತ್ತಾಗಬೇಕು. ಈ ಭೇದವನ್ನು ತೋರಿಸುವುದಕ್ಕಾಗಿ ಗಣಕದಲ್ಲಿ ರಕಾರದ ಮುಂದೆ ಕಣ್ಣಿಗೆ ಕಾಣದ ಸಂಕೇತವೊಂದನ್ನು ಸೇರಿಸುವ ಪದ್ಧತಿಯಿದೆ. ಯಾವುದಾದರೊಂದು ತಂತ್ರಾಂಶವು ಆ ಸಂಕೇತವನ್ನು ನುಂಗಿಬಿಟ್ಟರೆ ಅಕ್ಷರವು ಕೆಡುವುದು. ಕನ್ನಡವನ್ನು ಓದಲಾರದ ರಚನಕಾರನಿಗೆ ಇದು ತಾನಾಗಿ ತಿಳಿಯುವಂತಿಲ್ಲ. ಕನ್ನಡ ಬಲ್ಲವನೊಬ್ಬನು ಬರೆದು ತಿಳಿಸಬೇಕು. ಬರೆದ ಬಳಿಕ ಆ ರಚನಕಾರನು ಕೇಳಬೇಕಾದ ಪ್ರಶ್ನೆಗಳೂ ಇರುವುವು. ಬಳಸಿದ ಫಾಂಟ್ ಯಾವುದು? ತಂತ್ರಾಂಶದ ಆವೃತ್ತಿ ಯಾವುದು? ಅಕ್ಷರವು ಪರದೆಯ ಮೇಲೆ ಮಾತ್ರ ಕೆಡುವುದೋ, ಮುದ್ರಣದಲ್ಲಿಯೂ ಕೆಡುವುದೋ? ಈ ಪ್ರಶ್ನೆಗಳು ಯಾರನ್ನು ತಲುಪಬೇಕೋ ಅವನ ವಿಳಾಸವೇ ಪತ್ರದ ಜೀವ. ಹಾಗಾದರೆ ಆ ವಿಳಾಸವನ್ನು ಕೊಟ್ಟವನು ಯಾವ ಯಾವ ಪತ್ರಗಳಿಗೆ ಸಮ್ಮತಿಸಿದಂತಾಯಿತು? ಎಲ್ಲ ಪತ್ರಗಳಿಗೂ? ಕೆಲವಕ್ಕೆ ಮಾತ್ರ? ಅಥವಾ ಯಾವುದಕ್ಕೂ ಇಲ್ಲವೆ?

ಮೀಮಾಂಸಕರು ಅರ್ಥಾಪತ್ತಿಯೆಂಬ ಪ್ರಮಾಣವೊಂದನ್ನು ಹೇಳುವರು. ದೇವದತ್ತನು ಹಗಲಿನಲ್ಲಿ ಉಣ್ಣುವುದಿಲ್ಲ; ಆದರೂ ದಪ್ಪಗಿದ್ದಾನೆ. ಇವೆರಡೂ ನಿಜವಾದರೆ ಅವನು ರಾತ್ರಿ ಉಣ್ಣುತ್ತಾನೆಂದು ಕಲ್ಪಿಸದೆ ಗತ್ಯಂತರವಿಲ್ಲ. ನೈಯಾಯಿಕರು ಇದನ್ನು ಬೇರೊಂದು ಪ್ರಮಾಣವೆಂದು ಒಪ್ಪದೆ ಅನುಮಾನದಲ್ಲಿಯೇ ಅಡಗಿಸುವರು. ಆ ವಿವಾದವು ಇಲ್ಲಿ ಅಪ್ರಸ್ತುತ. ಪ್ರಸ್ತುತವಾದುದು ಇಷ್ಟೇ: ಕಂಡ ಸಂಗತಿಯು ಸಂಗತವಾಗಲು ಎಷ್ಟು ಅವಶ್ಯವೋ ಅಷ್ಟನ್ನು ಮಾತ್ರ ಕಲ್ಪಿಸತಕ್ಕದ್ದು. ದೇವದತ್ತನು ರಾತ್ರಿ ಉಣ್ಣುತ್ತಾನೆಂದು ಹೇಳಬಹುದು. ಹೋಳಿಗೆಯನ್ನೇ ಉಣ್ಣುತ್ತಾನೆಂದು ಹೇಳಲಾಗದು.

ದೋಷವನ್ನು ತಿಳಿಸಿದವನ ಸಮ್ಮತಿಯನ್ನೂ ಇದೇ ಅಳತೆಗೋಲಿನಿಂದ ಅಳೆಯಬೇಕು. ದೋಷವು ಪರಿಹಾರವಾಗಲೆಂದು ಅವನು ಬರೆದನು. ಅದರ ವಿಷಯವಾಗಿ ಒಂದು ಪ್ರಶ್ನೆಯನ್ನು ಕೇಳಿದರೆ ಉತ್ತರ ಕೊಡುವ ಮನಸ್ಸು ಅವನಿಗೆ ಇಲ್ಲವೆಂದರೆ ಅವನು ಬರೆದುದೇ ವ್ಯರ್ಥವಾಗುವುದು. ಆದುದರಿಂದ ಆ ಪ್ರಶ್ನೆಗೂ, ದೋಷವು ಪರಿಹಾರವಾಯಿತು ಅಥವಾ ಆಗಲಿಲ್ಲವೆಂಬ ಕೊನೆಯ ವಾರ್ತೆಗೂ ಅವನ ಸಮ್ಮತಿಯನ್ನು ಊಹಿಸುವುದು ನ್ಯಾಯ. ಆದರೆ ಅದೇ ಸಂಸ್ಥೆಯ ಹೊಸ ಸರಕಿನ ವರ್ಣನೆಗೆ, ವಾರದ ವರದಿಗೆ, ಹಬ್ಬದ ರಿಯಾಯಿತಿಗೆ ಅವನು ಸಮ್ಮತಿಸದಿದ್ದರೂ ಅವನ ಪತ್ರದ ಅರ್ಥಕ್ಕೆ ಲೇಶವೂ ಕುಂದಿಲ್ಲ. ಅವೆಲ್ಲವೂ ಹೋಳಿಗೆಯ ಕಲ್ಪನೆಗಳು. ಅವುಗಳನ್ನು ಕೇಳಿಯೇ ಕೊಡಬೇಕು, ಊಹಿಸಿ ಬಡಿಸಕೂಡದು.

ಇಷ್ಟು ಸರಳವಾದ ಮಾತು ಆಚರಣೆಯಲ್ಲಿ ಎರಡು ಕಡೆಗೂ ತಪ್ಪಿಹೋಗುವುದು: ಒಂದು ಕಡೆ ಕೊಡಬೇಕಾದುದನ್ನೂ ಕೊಡದೆ ಇರುವುದು, ಮತ್ತೊಂದು ಕಡೆ ಬೇಡದುದನ್ನೆಲ್ಲ ಸುರಿಯುವುದು.

ಮೊದಲನೆಯದಕ್ಕೆ ಡೆಬಿಯನ್ ಎಂಬ ತಂತ್ರಾಂಶಸಮುದಾಯದ ಪದ್ಧತಿ ಉದಾಹರಣೆ. ಇಯಾನ್ ಮರ್ಡಾಕ್ ಎಂಬವನು 1993ರಲ್ಲಿ ಸ್ಥಾಪಿಸಿದ ಈ ಸಮುದಾಯದಲ್ಲಿ ಕೆಲಸಮಾಡುವವರು ಸ್ವಯಂಸೇವಕರು. ದೋಷಗಳನ್ನು ದಾಖಲಿಸುವ ಇದರ ವ್ಯವಸ್ಥೆಯನ್ನು ಮೊದಲು ರಚಿಸಿದವನು ಇಯಾನ್ ಜಾಕ್ಸನ್. ಅಲ್ಲಿ ಎಲ್ಲವೂ ಇ-ಮೇಲ್ ಮೂಲಕವೇ ನಡೆಯುವುದು. ದೋಷವನ್ನು ಬರೆದು ಕಳುಹಿಸಿದರೆ ಅದಕ್ಕೊಂದು ಸಂಖ್ಯೆ ದೊರೆತು, ಪತ್ರ ತಲುಪಿತೆಂಬ ಮರುಪತ್ರ ಬರುವುದು. ದೋಷವು ಮುಗಿಯಿತೆಂದು ಗುರುತುಮಾಡಿದಾಗ ಮತ್ತೊಂದು ಪತ್ರ ಬರುವುದು. ಆದರೆ ನಡುವೆ ನಡೆಯುವ ಮಾತುಕತೆಯ ಗತಿ ಬೇರೆ. ಬಹುಕಾಲ ನಡೆದುಬಂದ ಕ್ರಮದಲ್ಲಿ, ಆ ಸಂಖ್ಯೆಯ ವಿಳಾಸಕ್ಕೆ ಯಾರಾದರೂ ಬರೆದರೆ ಅದು ತಂತ್ರಾಂಶದ ಪಾಲಕನಿಗೆ ಹೋಗುವುದೇ ಹೊರತು ದೋಷವನ್ನು ತಿಳಿಸಿದವನಿಗೆ ಹೋಗದು. ಅವನಿಗೂ ತಲುಪಬೇಕಾದರೆ ಬೇರೊಂದು ವಿಳಾಸವನ್ನು ನೆನಪಿನಿಂದ ಸೇರಿಸಬೇಕು. ಇಲ್ಲವೆ ಅವನೇ ಮುಂದಾಗಿ ಆ ದೋಷದ ವಾರ್ತೆಗೆ ಚಂದಾದಾರನಾಗಬೇಕು. ಹಾಗೆ ಆಗಬಯಸಿದವನಿಗೂ ಮೊದಲು ದೃಢೀಕರಣದ ಪತ್ರವೊಂದು ಬರುವುದು. ಅದಕ್ಕೆ ಅವನು ಉತ್ತರ ಕೊಟ್ಟರೆ ಮಾತ್ರ ಹೆಸರು ಸೇರುವುದು.

ಇದರಲ್ಲಿ ಸಂಕೋಚದ ಗುಣವಿದೆಯೆಂಬುದು ನಿಜ. ಕೇಳದವನ ಮನೆಯ ಬಾಗಿಲನ್ನು ತಟ್ಟಬಾರದೆಂಬ ಮರ್ಯಾದೆ ಇದು. ಆದರೆ ಪರಿಣಾಮವನ್ನು ನೋಡಬೇಕು. ಪಾಲಕನು ಒಂದು ಪ್ರಶ್ನೆಯನ್ನು ಬರೆಯುವನು. ತಿಳಿಸಿದವನಿಗೆ ಅದು ತಲುಪದು. ಪಾಲಕನು ತಿಂಗಳುಗಟ್ಟಲೆ ಕಾದು, ಉತ್ತರವಿಲ್ಲವೆಂದು ದೋಷವನ್ನು ಮುಚ್ಚಿಬಿಡುವನು. ಮುಚ್ಚಿದ ವಾರ್ತೆ ಮಾತ್ರ ತಪ್ಪದೆ ತಲುಪುವುದು. ಎಂದೂ ಕೇಳಿಸದ ಪ್ರಶ್ನೆಗೆ ಉತ್ತರ ಕೊಡಲಿಲ್ಲವೆಂಬ ಅಪವಾದವನ್ನು ಅವನು ಹೊರಬೇಕಾಗುವುದು. ಪಾಲಕನು ಅವನನ್ನು ಉದಾಸೀನನೆಂದು ತಿಳಿಯುವನು. ಅವನು ಪಾಲಕನನ್ನು ಗರ್ವಿಯೆಂದು ತಿಳಿಯುವನು. ಇಬ್ಬರಲ್ಲಿಯೂ ದೋಷವಿಲ್ಲ, ಇಬ್ಬರ ನಡುವಣ ದಾರಿಯಲ್ಲಿ ದೋಷವಿದೆ.

ಇಂಥ ಮೌನವು ಸಣ್ಣ ಹಾನಿಯೆಂದು ಯಾರೂ ತಿಳಿಯದಿರಲಿ. ಇ-ಮೇಲ್ ಇನ್ನೂ ಜನಸಾಮಾನ್ಯವಾಗಿಲ್ಲದ ಕಾಲದಲ್ಲಿ ನಡೆದ ಒಂದು ಸಂಗತಿಯಿಂದ ಇದರ ತೂಕ ತಿಳಿಯುವುದು. 1985ನೆಯ ಜೂನ್ ತಿಂಗಳಿಂದ 1987ನೆಯ ಜನವರಿಯವರೆಗೆ ಅಮೆರಿಕದಲ್ಲಿಯೂ ಕೆನಡಾದಲ್ಲಿಯೂ ಥೆರಾಕ್-25 ಎಂಬ ಚಿಕಿತ್ಸಾಯಂತ್ರವು ಆರು ಮಂದಿ ರೋಗಿಗಳಿಗೆ ಮಿತಿಮೀರಿದ ವಿಕಿರಣವನ್ನು ಕೊಟ್ಟಿತು, ಕೆಲವರು ಸತ್ತರು. ಯಂತ್ರವನ್ನು ನಡೆಸುವ ತಂತ್ರಾಂಶದಲ್ಲಿ ದೋಷವಿತ್ತು. ಆಸ್ಪತ್ರೆಗಳವರು ತಾವು ಕಂಡುದನ್ನು ತಯಾರಕರಿಗೆ ತಿಳಿಸಿದಾಗ, ಇಂಥ ಅಪಘಾತವು ಬೇರೆಲ್ಲಿಯೂ ಆದುದು ತಿಳಿದಿಲ್ಲವೆಂಬ ಉತ್ತರವೇ ದೊರೆಯುತ್ತಿತ್ತೆಂದು 1993ರಲ್ಲಿ ಪ್ರಕಟವಾದ ಲೆವೆಸನ್ ಮತ್ತು ಟರ್ನರ್ ಎಂಬ ವಿದ್ವಾಂಸರ ಪರಿಶೀಲನೆಯಿಂದ ತಿಳಿದುಬರುತ್ತದೆ. ಒಂದೊಂದು ಆಸ್ಪತ್ರೆಯೂ ತಾನೊಬ್ಬಳೇ ಕಂಡವಳೆಂದು ಭ್ರಮಿಸುವಂತಾಯಿತು. ಕೊನೆಗೆ 1986ರಲ್ಲಿ ಟೆಕ್ಸಾಸ್ ಪ್ರಾಂತದ ಟೈಲರ್ ನಗರದ ಆಸ್ಪತ್ರೆಯಲ್ಲಿ, ಭೌತವಿಜ್ಞಾನಿಯೂ ಯಂತ್ರವನ್ನು ನಡೆಸುವ ಸಹಾಯಕಿಯೂ ಕುಳಿತು ಮತ್ತೆ ಮತ್ತೆ ಪ್ರಯೋಗಮಾಡಿ, ಅಂಕಗಳನ್ನು ತುಂಬುವಾಗ ಬೇಗಬೇಗನೆ ತಿದ್ದಿದರೆ ದೋಷವು ತೋರುವುದೆಂಬುದನ್ನು ಕಂಡುಹಿಡಿದರು. ರಚಿಸಿದವರಿಗೆ ಕಾಣದುದು ಬಳಸಿದವರಿಗೆ ಕಂಡಿತು. ದೋಷವನ್ನು ತಿಳಿಸಿದವನೇ ಎಷ್ಟೋ ಸಲ ಏಕೈಕ ಸಾಕ್ಷಿ. ಅವನೊಡನೆ ಮಾತು ನಿಂತರೆ ಸಾಕ್ಷ್ಯವೇ ನಿಂತಂತೆ.

ಇನ್ನು ಎರಡನೆಯ ಕಡೆಯ ತಪ್ಪು. ನೆಟ್‌ಸ್ಕೇಪ್ ಸಂಸ್ಥೆಯ ಕಾರ್ಯದಿಂದ ಹುಟ್ಟಿ 1998ರಲ್ಲಿ ಲೋಕಕ್ಕೆ ಮುಕ್ತವಾದ ಬಗ್‌ಜಿಲ್ಲಾ ಎಂಬ ವ್ಯವಸ್ಥೆಯಲ್ಲಿ, ದೋಷವನ್ನು ತಿಳಿಸಿದವನಿಗೆ ಅದರ ಮುಂದಿನ ಬದಲಾವಣೆಗಳು ಇ-ಮೇಲಿನಲ್ಲಿ ಬರುವುವು. ಯಾವುದು ಬೇಕು, ಯಾವುದು ಬೇಡವೆಂದು ಆಯ್ದುಕೊಳ್ಳುವ ಅವಕಾಶವೂ ಅವನಿಗಿದೆ. ಗಿಟ್‌ಹಬ್ ಎಂಬ ಪ್ರಸಿದ್ಧ ತಾಣದಲ್ಲಿಯೂ ದೋಷವನ್ನು ಬರೆದವನು ಬರೆದ ಕ್ಷಣದಿಂದಲೇ ಆ ಚರ್ಚೆಯ ಚಂದಾದಾರನಾಗುವನು, ಬೇಡವಾದರೆ ಬಿಟ್ಟುಹೋಗಬಹುದು. ಅರ್ಥಾಪತ್ತಿಯ ಲೆಕ್ಕದಲ್ಲಿ ಇದು ಬಹುಮಟ್ಟಿಗೆ ಸರಿಯೇ. ಆದರೆ ನೂರಾರು ಮಂದಿಗೆ ಒಂದೇ ದೋಷ ತಗುಲಿದಾಗ ‘ನನಗೂ ಹೀಗೆಯೇ’ ಎಂದು ಒಬ್ಬೊಬ್ಬನೂ ಒಂದೊಂದು ಸಾಲು ಬರೆಯುವನು. ಒಂದೊಂದು ಸಾಲೂ ಒಂದೊಂದು ಪತ್ರವಾಗಿ ಎಲ್ಲರ ಮನೆಗೂ ಹೋಗುವುದು. ಗಿಟ್‌ಹಬ್ಬಿನಲ್ಲಿ ಕೆಲಸಮಾಡುವ ಅನೇಕ ಪಾಲಕರು 2016ನೆಯ ಜನವರಿಯಲ್ಲಿ ಬಹಿರಂಗಪತ್ರವೊಂದನ್ನು ಬರೆದು ಈ ಉಪದ್ರವವನ್ನೂ ಹೇಳಿಕೊಂಡರು. ಆ ವರ್ಷದ ಮಾರ್ಚಿಯಲ್ಲಿ, ಮಾತಿಲ್ಲದೆ ಒಂದು ಸಣ್ಣ ಚಿಹ್ನೆಯನ್ನೊತ್ತಿ ಅನುಮೋದಿಸುವ ಏರ್ಪಾಡು ಆ ತಾಣದಲ್ಲಿ ಬಂದಿತು. ಸಭೆಯಲ್ಲಿ ಎಲ್ಲರೂ ಎದ್ದುನಿಂತು ‘ಹೌದು ಹೌದು’ ಎನ್ನುವುದಕ್ಕೆ ಬದಲಾಗಿ ಕೈಯೆತ್ತುವ ಕ್ರಮವಿದು. ಚಂದಾದಾರನಾಗಲು ಸಮ್ಮತಿಸಿದವನೂ ಅಷ್ಟೊಂದು ಗದ್ದಲಕ್ಕೆ ಸಮ್ಮತಿಸಿರಲಿಲ್ಲವೆಂಬುದನ್ನು ಆ ತಾಣವು ಒಪ್ಪಿಕೊಂಡಂತಾಯಿತು.

ಇವೆರಡಕ್ಕಿಂತಲೂ ಕೆಟ್ಟುದು ಮೂರನೆಯದು; ದೋಷವನ್ನು ತಿಳಿಸಲು ಕೊಟ್ಟ ವಿಳಾಸವನ್ನು ವ್ಯಾಪಾರಕ್ಕೆ ಬಳಸುವುದು. ದೂರಿನ ನಮೂನೆಯ ಅಡಿಯಲ್ಲಿ ಒಂದು ಸಣ್ಣ ಚೌಕವಿರುವುದು. ಅದರಲ್ಲಿ ಮೊದಲೇ ಟಿಕ್ ಗುರುತು ಬಿದ್ದಿರುವುದು. ಪಕ್ಕದಲ್ಲಿ, ಸಂಸ್ಥೆಯ ವಾರ್ತೆಗಳನ್ನು ಪಡೆಯಲು ಸಮ್ಮತಿಯಿದೆಯೆಂಬ ಒಕ್ಕಣೆಯಿರುವುದು. ದೋಷದಿಂದ ತಳಮಳಗೊಂಡು ಬರೆಯಲು ಬಂದವನು ಅದನ್ನು ನೋಡದೆ ಮುಂದಕ್ಕೆ ಹೋಗುವನು. ಮೌನವೇ ಸಮ್ಮತಿಯ ಲಕ್ಷಣವೆಂಬ ಲೋಕೋಕ್ತಿಯನ್ನು ಇಂಥವರು ಕಂಠಪಾಠ ಮಾಡಿರುವಂತೆ ತೋರುವುದು. ಆದರೆ ಆ ಲೋಕೋಕ್ತಿಗೂ ಒಂದು ಮರ್ಯಾದೆಯಿದೆ. ಕೇಳಿದ ಮೇಲೆ ಸುಮ್ಮನಿದ್ದರೆ ಅದು ಸಮ್ಮತಿಯಾಗಬಹುದು. ಕೇಳಿದುದೇ ಕಿವಿಗೆ ಬೀಳದವನ ಮೌನವು ಹೇಗೆ ಸಮ್ಮತಿಯಾದೀತು?

ಈ ಕಾಲದ ಶಾಸನಗಳು ಆ ಲೋಕೋಕ್ತಿಯನ್ನು ಕೈಬಿಟ್ಟಿವೆ. 2018ನೆಯ ಮೇ 25ರಿಂದ ಯೂರೋಪಿನ ಒಕ್ಕೂಟದಲ್ಲಿ ಅನ್ವಯಿಸುತ್ತಿರುವ ದತ್ತಾಂಶಸಂರಕ್ಷಣೆಯ ಕಾನೂನಿನ ಪ್ರಕಾರ ಮೌನವಾಗಲಿ, ಮೊದಲೇ ಗುರುತುಹಾಕಿದ ಚೌಕವಾಗಲಿ, ನಿಷ್ಕ್ರಿಯತೆಯಾಗಲಿ ಸಮ್ಮತಿಯೆನಿಸದು. 2019ನೆಯ ಅಕ್ಟೋಬರ್ 1ರಂದು ಆ ಒಕ್ಕೂಟದ ಉಚ್ಚನ್ಯಾಯಸ್ಥಾನವು ಜರ್ಮನಿಯಿಂದ ಬಂದ ಒಂದು ವ್ಯಾಜ್ಯದಲ್ಲಿ ಇದನ್ನೇ ಸ್ಪಷ್ಟಪಡಿಸಿತು. ಭಾರತದಲ್ಲಿ 2023ನೆಯ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಅಧಿನಿಯಮವು ರಾಷ್ಟ್ರಪತಿಗಳ ಅಂಗೀಕಾರವನ್ನು ಪಡೆಯಿತು. ಅದರ ನಿಯಮಗಳು 2025ನೆಯ ನವೆಂಬರಿನಲ್ಲಿ ಪ್ರಕಟವಾದುವು. ವಿಧಿಗಳು ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಮಾಡಲಾಗಿದೆ. ಅದರಂತೆ ಸಮ್ಮತಿಯು ಸ್ವತಂತ್ರವಾಗಿರಬೇಕು, ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟುದಾಗಿರಬೇಕು, ನಿಬಂಧನೆಯಿಲ್ಲದಿರಬೇಕು, ಸಂದಿಗ್ಧವಾಗಿರಬಾರದು. ಹೇಳಿದ ಉದ್ದೇಶಕ್ಕೆ ಅವಶ್ಯವಾದಷ್ಟಕ್ಕೇ ಅದು ಮಿತವಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ತೆಗೆದುಕೊಳ್ಳುವಂತೆಯೂ ಇರಬೇಕು. ಸಮ್ಮತಿಯನ್ನು ಕೇಳುವ ಮಾತು ಸುಲಭವಾದ ಭಾಷೆಯಲ್ಲಿರಬೇಕೆಂದೂ, ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಬೇಕಾದುದರಲ್ಲಿ ಓದುವ ಅವಕಾಶವಿರಬೇಕೆಂದೂ ಅಲ್ಲಿ ಹೇಳಿದೆ. ಕನ್ನಡವೂ ಆ ಅನುಸೂಚಿಯಲ್ಲಿದೆ. ಅರ್ಕಾವೊತ್ತಿನ ದೋಷವನ್ನು ತಿಳಿಸಹೋದ ಕನ್ನಡಿಗನು ತಾನು ಯಾವುದಕ್ಕೆ ಒಪ್ಪಿದೆನೆಂಬುದನ್ನು ಕನ್ನಡದಲ್ಲಿಯೇ ಓದಿ ತಿಳಿಯಬೇಕೆಂಬುದು ಇದರ ಫಲಿತಾರ್ಥ.

ಇದೇ ಅಧಿನಿಯಮದಲ್ಲಿ ಅರ್ಥಾಪತ್ತಿಗೂ ಎಡೆಯಿರುವುದು ವಾಚಕರಿಗೆ ಸಂತೋಷವನ್ನುಂಟುಮಾಡಬಹುದು. ಒಬ್ಬ ಹೆಂಗಸು ಔಷಧದ ಅಂಗಡಿಯಲ್ಲಿ ಕೊಂಡುಕೊಂಡು, ರಸೀದಿಯನ್ನು ತನ್ನ ಮೊಬೈಲಿಗೆ ಕಳುಹಿಸೆಂದು ತಾನಾಗಿ ಕೇಳಿ ಸಂಖ್ಯೆಯನ್ನು ಕೊಟ್ಟರೆ, ರಸೀದಿಯನ್ನು ಕಳುಹಿಸುವ ಉದ್ದೇಶಕ್ಕಾಗಿ ಅಂಗಡಿಯವನು ಆ ಸಂಖ್ಯೆಯನ್ನು ಬಳಸಬಹುದೆಂದು ಅಲ್ಲಿ ದೃಷ್ಟಾಂತವಿದೆ. ರಸೀದಿಗೆ ಬೇರೊಂದು ಸಮ್ಮತಿಪತ್ರ ಬೇಡ. ಕೇಳಿದುದರಲ್ಲಿಯೇ ಅದು ಅಡಗಿದೆ. ಆದರೆ ಆ ದೃಷ್ಟಾಂತವು ರಸೀದಿಯ ಆಚೆಗೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ದೋಷವನ್ನು ತಿಳಿಸಿದವನಿಗೆ ಬರಬೇಕಾದ ಪ್ರಶ್ನೆಯೂ ಕೊನೆಯ ವಾರ್ತೆಯೂ ಇಂಥ ರಸೀದಿಗಳೇ.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ತಂತ್ರಾಂಶಗಳ ಪಾಲಕರಲ್ಲಿ ಅನೇಕರು ಸಂಬಳವಿಲ್ಲದೆ ದುಡಿಯುವವರು. ಹಗಲಿನ ಉದ್ಯೋಗವನ್ನು ಮುಗಿಸಿ ರಾತ್ರಿ ಕುಳಿತು ಪರರ ದೋಷಪತ್ರಗಳನ್ನು ಓದುವವರು. ಅವರ ಮೇಲೆ ಸಮ್ಮತಿಯ ಸೂಕ್ಷ್ಮವಿಚಾರವನ್ನೂ ಹೊರಿಸುವುದು ಧರ್ಮವೆ? ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಈ ಭಾರವು ಪಾಲಕನ ಹೆಗಲಿಗೆ ಸೇರತಕ್ಕುದಲ್ಲ; ವ್ಯವಸ್ಥೆಯನ್ನು ಕಟ್ಟಿದವನು ಒಮ್ಮೆ ಹೊತ್ತು ಇಳಿಸತಕ್ಕುದು. ಪ್ರಶ್ನೆಯು ತಿಳಿಸಿದವನಿಗೆ ತಾನಾಗಿ ತಲುಪುವಂತೆ ಒಮ್ಮೆ ಏರ್ಪಡಿಸಿದರೆ ಪಾಲಕನ ಶ್ರಮವು ಉಳಿಯುವುದೇ ಹೊರತು ಹೆಚ್ಚುವುದಿಲ್ಲ. ಪರರ ವಿಳಾಸವನ್ನು ತುಂಬಿ ಅವರಿಗೆ ಪತ್ರಗಳ ಮಳೆಯನ್ನು ಸುರಿಸುವ ತುಂಟರೂ ಉಂಟು. ಅದಕ್ಕಾಗಿ, ವಿಳಾಸದ ಯಜಮಾನನೇ ಬರೆದನೆಂಬುದನ್ನು ಒಂದೇ ಒಂದು ದೃಢೀಕರಣದ ಪತ್ರದಿಂದ ತಿಳಿದುಕೊಂಡು, ಉತ್ತರ ಬಾರದಿದ್ದರೆ ಮತ್ತೆ ಬರೆಯದಿರುವುದು ಯೋಗ್ಯ.

ನಮೂನೆಯಲ್ಲಿ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟರೆ ಸಾಕು. ಈ ದೋಷದ ವಿಷಯವಾಗಿ ಪ್ರಶ್ನೆಯೂ ಪರಿಣಾಮವೂ ನಿಮಗೆ ಬರುವುವು, ಬೇಡವಾದರೆ ಹೇಳಿ ಎಂಬುದು ಒಂದು. ಬೇರೆ ವಾರ್ತೆಗಳು ಬೇಕಾದರೆ ನೀವೇ ಗುರುತು ಹಾಕಿ ಎಂಬುದು ಮತ್ತೊಂದು. ಮೊದಲನೆಯದನ್ನು ಎರಡನೆಯದಕ್ಕೆ ಕಟ್ಟಿಹಾಕಬಾರದು. ವಿಳಾಸವು ಎಲ್ಲರಿಗೂ ಕಾಣುವಂತೆ ಪ್ರಕಟವಾಗುವುದಾದರೆ ಅದನ್ನು ಬರೆಯುವ ಮೊದಲೇ ಹೇಳಬೇಕು. ಡೆಬಿಯನ್ನಿನಂತಹ ಬಹಿರಂಗದಾಖಲೆಗಳಲ್ಲಿ ಒಮ್ಮೆ ಬಿದ್ದ ವಿಳಾಸವು ಬಹುಕಾಲ ಉಳಿಯುವುದು. ಹೊರಟುಹೋಗುವ ಬಾಗಿಲು ಒಳಬಂದ ಬಾಗಿಲಿನಷ್ಟೇ ಅಗಲವಾಗಿರಬೇಕು. ದಿನವೊಂದಕ್ಕೆ 5,000ಕ್ಕೂ ಮಿಕ್ಕಿ ಪತ್ರಗಳನ್ನು ಜಿಮೇಲ್ ವಿಳಾಸಗಳಿಗೆ ಕಳುಹಿಸುವವರು ತಮ್ಮ ಪ್ರಚಾರದ ಪತ್ರಗಳಲ್ಲಿ ಒಂದೇ ಒತ್ತಿಗೆ ಬಿಡುಗಡೆ ದೊರೆಯುವಂತೆ ಮಾಡಬೇಕೆಂದು ಗೂಗಲ್ ಸಂಸ್ಥೆಯು 2024ರಲ್ಲಿ ನಿಯಮವನ್ನು ತಂದಿತು. ವರ್ತಕರಿಗೆ ವಿಧಿಸಿದ ಈ ಮರ್ಯಾದೆಯನ್ನು ಉಪಕಾರಮಾಡಲು ಬಂದವನ ವಿಷಯದಲ್ಲಿ ವಿಧಿಯಿಲ್ಲದೆಯೇ ಪಾಲಿಸುವುದು ಶೋಭೆ.

ಉಪಕಾರಕ್ಕೆ ಪ್ರತ್ಯುಪಕಾರವನ್ನು ದೋಷ ತಿಳಿಸಿದವನು ಬಯಸುವುದಿಲ್ಲ; ತನ್ನ ಮಾತು ಯಾರ ಕಿವಿಗಾದರೂ ಬಿದ್ದಿತೇ ಎಂಬುದಷ್ಟು ತಿಳಿದರೆ ಅವನಿಗೆ ಸಾಕು. ಅದು ತಿಳಿಯದೆ ಹೋದರೆ, ಅಥವಾ ಅದರ ಜೊತೆಗೆ ಹತ್ತು ಜಾಹೀರಾತುಗಳು ಬಂದರೆ, ಮುಂದಿನ ಸಲ ಅವನು ಹುಳುವನ್ನು ಕಂಡರೂ ಕಾಣದಂತೆ ಪಕ್ಕಕ್ಕೆ ಸರಿದು ಹೋಗುವನು. ತಂತ್ರಾಂಶದ ಪಾಲಕರು ಭಯಪಡಬೇಕಾದುದು ಇದಕ್ಕೆ. ದೂರುಗಳು ಹೆಚ್ಚಿದರೆ ಎಣಿಸಬಹುದು, ಪಟ್ಟಿಮಾಡಬಹುದು, ಒಂದೊಂದಾಗಿ ತಿದ್ದಬಹುದು. ದೋಷವನ್ನು ತಿಳಿಸುವುದನ್ನು ಬಿಟ್ಟವನಾದರೋ, ಬಿಟ್ಟೆನೆಂಬುದನ್ನು ಯಾರಿಗೂ ತಿಳಿಸುವುದಿಲ್ಲ.